ಏರಿಯಲ್ ಜಾಗವೂ ನಂಜುಂಡಸ್ವಾಮಿಯವರ ಹೊಟ್ಟೆಕಿಚ್ಚೂ

ಮೈಸೂರಿನಲ್ಲಿ ರೇಡಿಯೋ ಎಂಬುದು ದೊಡ್ಡಮನೆಗಳ ಹಜಾರದಲ್ಲಿ ಕಸೂತಿಬಟ್ಟೆ ಹೊದ್ದು ಕೂತಿದ್ದ ಕಾಲದಿಂದ ಹಿಡಿದು, ಕಾಫಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕಕ್ಕೂ ಕ್ಷೌರದಂಗಡಿಯ ಕನ್ನಡಿಯ ಮೇಲಕ್ಕೂ ಬಂದು ಕೂತಿರುವ ಇಂದಿನವರೆಗೆ, ಆ ವಿದ್ಯೆಯನ್ನು ಈ ಊರಿನ ಮಕ್ಕಳಿಗೆ ತಿಳಿಗನ್ನಡದಲ್ಲಿ ಬಿಡಿಸಿ ಹೇಳಿಕೊಟ್ಟವರು ಯಾರೆಂದು ಕೇಳಿದರೆ ಮೊದಲು ನಾಲಿಗೆಗೆ ಬರುವ ಹೆಸರು ಶ್ರೀ ನಂಜುಂಡಸ್ವಾಮಿಯವರದು. ಊರಿನ ರಿಪೇರಿ ಅಂಗಡಿಗಳಲ್ಲಿ ಕೈಯಲ್ಲಿ ಬೆಸುಗೆ ಕಡ್ಡಿ ಹಿಡಿದು ಕೂತಿರುವವರಲ್ಲಿ ಅರ್ಧಕ್ಕೆ ಅರ್ಧ ಜನ ಅವರ ಶಿಷ್ಯರು. ಉಳಿದರ್ಧ ಆ ಶಿಷ್ಯರ ಶಿಷ್ಯರು. ನಮ್ಮ ತಾಂತ್ರಿಕ ವಿದ್ಯಾಲಯದ ನಿಸ್ತಂತು ವಿಭಾಗವೆಂದರೆ ಇವರೇ ಎಂಬಷ್ಟು ಕಾಲ ಸೇವೆ ಸಲ್ಲಿಸಿ, ಈ ವರ್ಷ ನಿವೃತ್ತರಾಗುತ್ತಿರುವ ಅವರಿಗೆ ಸಹೋದ್ಯೋಗಿಗಳೂ ಶಿಷ್ಯರೂ ಸೇರಿ ಅರ್ಪಿಸುತ್ತಿರುವ ಈ ಸಂಪುಟದಲ್ಲಿ ಒಂದು ಲೇಖನಕ್ಕೆ ಎಡೆ ದೊರೆತದ್ದು ಈ ಲೇಖಕನ ಪುಣ್ಯ.

ಸಂಪುಟದ ಇತರ ಮಹನೀಯರು ಅವರ ತಾಳ್ಮೆಯನ್ನೂ ಸಮಯಪಾಲನೆಯನ್ನೂ ಶುಭ್ರವಾದ ಉಡುಪನ್ನೂ ಕುರಿತು ಬರೆದಿದ್ದಾರೆ. ಯಾರಾದರೊಬ್ಬರು ಅವರನ್ನು ಅಜಾತಶತ್ರು ಎಂದು ಕರೆದಿರಲೇಬೇಕು. ಸನ್ಮಾನವೆಂದ ಮೇಲೆ ಆ ಪದಕ್ಕೆ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಮೀಸಲಿರುತ್ತದೆ. ಆದರೆ ಅವರ ಮೇಜಿನ ಎದುರು ಮೇಜು ಹಾಕಿಕೊಂಡು ಇಷ್ಟು ಕಾಲ ಕೂತವನಿಗೆ ಗೊತ್ತಿರುವ ಸಂಗತಿ ಬೇರೆ. ನಂಜುಂಡಸ್ವಾಮಿಯವರು ಒಬ್ಬ ಮನುಷ್ಯನನ್ನು ಕಂಡು ಹೊಟ್ಟೆ ಉರಿದುಕೊಂಡರು. ಒಂದು ದಿನವಲ್ಲ, ಎರಡು ದಿನವಲ್ಲ, ಸರ್ವೀಸಿನ ಉದ್ದಕ್ಕೂ, ರಜೆಯಲ್ಲಿಯೂ ಬಿಡುವು ಕೊಡದೆ ಉರಿದುಕೊಂಡರು. ಅಸೂಯೆ, ಮತ್ಸರ ಮುಂತಾದ ಗ್ರಂಥಸ್ಥ ಮಾತುಗಳು ಇಲ್ಲಿ ಸಾಲವು. ಅದು ಶುದ್ಧ ಹೊಟ್ಟೆಕಿಚ್ಚು. ಅದನ್ನು ಬಿಟ್ಟು ಅವರ ಚರಿತ್ರೆಯನ್ನು ಬರೆಯುವುದೆಂದರೆ ಉಪ್ಪು ಹಾಕದೆ ಸಾರು ಬಡಿಸಿದ ಹಾಗೆ.

ಹೂಟಗಳ್ಳಿಯ ಬೇಸಾಯದ ಮನೆಯಲ್ಲಿ ಜವರಯ್ಯನವರ ಎರಡನೆಯ ಮಗನಾಗಿ ಹುಟ್ಟಿದ ನಂಜುಂಡಸ್ವಾಮಿಯವರು, ಓದು ಮುಗಿಸಿ, ಮಹಾಯುದ್ಧದ ಕಾಲದಲ್ಲಿ ಸೈನ್ಯದ ನಿಸ್ತಂತು ದಳವನ್ನು ಸೇರಿ, ಅಸ್ಸಾಮಿನ ಕಡೆ ಎಲ್ಲೋ ಒಂದು ಗುಡಾರದಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂತು, ಬದುಕಿ ಬಂದವರು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷವೇ ನಮ್ಮ ವಿದ್ಯಾಲಯಕ್ಕೆ ಬಂದರು. ಅಗ್ರಹಾರದ ಒಂದು ಸಂದಿಯಲ್ಲಿ ಬಾಡಿಗೆ ಮನೆ ಹಿಡಿದು ಶ್ರೀಮತಿ ಶಿವನಂಜಮ್ಮನವರೊಡನೆ ಸಂಸಾರ ಹೂಡಿದರು. ಬಟ್ಟೆ ಒಣಹಾಕಲು ಕಟ್ಟಿದ್ದ ತಂತಿಯನ್ನೂ ರೇಡಿಯೋ ಅಲೆ ಹಿಡಿಯುವ ಏರಿಯಲ್ ಮಾಡಿ ಸಿಲೋನ್ ರೇಡಿಯೋವನ್ನು ಕೇಳಿಸಿದ ಅವರ ಕೀರ್ತಿ ಬೀದಿಯಿಂದ ಬೀದಿಗೆ ಹಬ್ಬಿತು. ಮೊದಲ ಕೆಲವು ವರ್ಷ ವಿದ್ಯಾಲಯದಲ್ಲಿ ಅವರದೇ ರಾಜ್ಯಭಾರ. ವಿದ್ಯಾರ್ಥಿಗಳು ಕಿಟಕಿಗೆ ಜೋತುಬಿದ್ದು ಅವರ ಪಾಠ ಕೇಳುತ್ತಿದ್ದರು.

ಸಾವಿರದ ಒಂಬೈನೂರ ಐವತ್ತರಲ್ಲಿ ಯಂತ್ರಶಾಸ್ತ್ರದ ಅಧ್ಯಾಪಕರಾಗಿ ಶ್ರೀ ಗೋವಿಂದರಾಜು ಅವರು ಬಂದರು. ಕಿಟಕಿಗಳು ಖಾಲಿಯಾದವು.

ಗೋವಿಂದರಾಜು ಅವರ ತಪ್ಪೇನೂ ಇರಲಿಲ್ಲ ಎಂಬುದೇ ಅವರ ದೊಡ್ಡ ತಪ್ಪಾಗಿತ್ತು. ಎತ್ತರದ ಆಳು. ಬೆಂಗಳೂರಿನಲ್ಲಿ ವಿಮಾನಗಳ ನಡುವೆ ಕೆಲಸ ಮಾಡಿ, ವಿಮಾನ ಹಾರಿಸುವುದನ್ನೂ ಕಲಿತು ಬಂದವರು. ಬರುವುದು ಮೋಟಾರ್ ಬೈಕಿನಲ್ಲಿ, ಇಳಿಯುವುದು ನಗುನಗುತ್ತ. ಬೋರ್ಡಿನ ಮೇಲೆ ಸೀಮೆಸುಣ್ಣ ಇಟ್ಟು ಒಂದೇ ಏಟಿಗೆ ಸುತ್ತು ಬರೆದರೆ ಕೈವಾರ ಹಿಡಿದು ಬರೆದಂಥ ವೃತ್ತ. ಸಂಜೆ ಎಲ್ಲರೂ ಹೋದ ಮೇಲೆ ನಂಜುಂಡಸ್ವಾಮಿಯವರು ಬಾಗಿಲು ಮುಂದೆಮಾಡಿಕೊಂಡು ಅದೇ ವೃತ್ತವನ್ನು ಅಭ್ಯಾಸ ಮಾಡುತ್ತಿದ್ದರು. ಬದನೆಕಾಯಿ ಬರುತ್ತಿತ್ತು. ಒರೆಸಿ ಇನ್ನೊಂದು ಬರೆದರೆ ಇನ್ನೂ ದೊಡ್ಡ ಬದನೆಕಾಯಿ. ಕಿಟಕಿಯಿಂದ ಇದನ್ನು ಕಂಡವರು ಕಂಡೂ ಕಾಣದವರಂತೆ ಹೋಗುತ್ತಿದ್ದರು.

ಕೊನೆಗೆ ಮನೆಯೊಳಗೂ ಆ ಕಿಚ್ಚು ಹೊಕ್ಕಿತು. ಒಮ್ಮೆ ಊಟಕ್ಕೆ ಕರೆದಾಗ ಗೋವಿಂದರಾಜು ಅವರು ಶಿವನಂಜಮ್ಮನವರ ಹುರುಳಿಕಾಳಿನ ಬಸ್ಸಾರನ್ನು ಮೂರು ಸಲ ಹಾಕಿಸಿಕೊಂಡು, ಮುದ್ದೆ ಮುಗಿಸಿ, ಇಂಥ ಸಾರನ್ನು ತಮ್ಮ ತಾಯಿಯೂ ಮಾಡಿಲ್ಲವೆಂದು ಹೇಳಿ ಎದ್ದರು. ಗಂಡನ ಊಟವನ್ನು ಎಂದೂ ಅಷ್ಟಾಗಿ ಗಮನಿಸದ ಆ ತಾಯಿ ಅಂದು ಹೇಳಿದರು:

“ಉಣ್ಣೋದನ್ನ ಆವಪ್ಪನ್ನ ನೋಡಿ ಕಲೀಬೇಕು ಕಣ್ರೀ.”

ನಂಜುಂಡಸ್ವಾಮಿಯವರು ಒಂದು ವಾರ ಬಸ್ಸಾರು ಮುಟ್ಟಲಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಸಾಮಾನ್ಯರ ಹೊಟ್ಟೆಕಿಚ್ಚು ಇನ್ನೊಬ್ಬರ ಕಾಲೆಳೆಯುತ್ತದೆ. ಇವರದು ಇವರನ್ನೇ ಕುತ್ತಿಗೆಪಟ್ಟಿ ಹಿಡಿದು ಮೇಲಕ್ಕೆಬ್ಬಿಸುತ್ತಿತ್ತು. ಗೋವಿಂದರಾಜು ಅವರು ಕಾರ್ಖಾನೆಯ ಕೆಲಸಗಾರರಿಗೆ ಸಂಜೆ ಪಾಠ ಆರಂಭಿಸಿದರೆಂದು ತಿಳಿದ ಮಾರನೆಯ ದಿನವೇ ಇವರ ಸಂಜೆ ಪಾಠ ಆರಂಭವಾಯಿತು; ಈ ಊರಿನ ಎಷ್ಟೋ ಸಂಸಾರಗಳು ಇವತ್ತು ಆ ಪಾಠದಿಂದ ಉಣ್ಣುತ್ತಿವೆ. ಚೆಲುವರಾಜು ಎಂಬ ಶಿಷ್ಯ ವಿಷಮಜ್ವರದಿಂದ ದೊಡ್ಡಾಸ್ಪತ್ರೆ ಸೇರಿದಾಗ ಗೋವಿಂದರಾಜು ಅವರು ಕಿತ್ತಳೆಹಣ್ಣು ತೆಗೆದುಕೊಂಡು ಹೋಗಿ ನೋಡಿ ಬಂದರು. ಕಿತ್ತಳೆಹಣ್ಣಿಗೆ ಸೋಲುವುದೇ? ನಂಜುಂಡಸ್ವಾಮಿಯವರು ರಾತ್ರಿಹಗಲು ಕೂತು ಒಂದು ಪುಟ್ಟ ರೇಡಿಯೋ ಕಟ್ಟಿ, ವಾರ್ಡಿನ ಮೂಲೆಯಲ್ಲಿಟ್ಟು, ಚೆಲುವರಾಜು ಎದ್ದು ಓಡಾಡುವವರೆಗೂ ದಿನವೂ ಸಂಜೆ ಅವನ ಮಂಚದ ಪಕ್ಕ ಕೂತು ಬಂದರು. ಹುಡುಗ ಗುಣವಾಗಿ ಹೋದ. ರೇಡಿಯೋವನ್ನು ವಾಪಸು ತರಲು ಇವರಿಗೆ ಮನಸ್ಸು ಬರಲಿಲ್ಲ. ಅನಂತರ ಆ ವಾರ್ಡಿನಲ್ಲಿ ಮಲಗಿದವರೆಲ್ಲರೂ ಸಂಗೀತ ಕೇಳಿಕೊಂಡು ಮಲಗಿದರು. ನಂಜುಂಡಸ್ವಾಮಿಯವರು ಮಾಡಿದ ಉಪಕಾರಗಳನ್ನು ಹೀಗೆ ಒಂದೊಂದಾಗಿ ಹಿಡಿದು ಹಿಂದಕ್ಕೆ ಹೋದರೆ ಪ್ರತಿಯೊಂದರ ಬುಡದಲ್ಲಿಯೂ ಗೋವಿಂದರಾಜು ಅವರು ನಗುತ್ತ ನಿಂತಿರುತ್ತಾರೆ.

ಐವತ್ತೈದರ ಸುಮಾರಿಗೆ ಗೋವಿಂದರಾಜು ಅವರು ವಿಮಾನ ಕಟ್ಟಲು ಕೈ ಹಾಕಿದರು. ವಿದ್ಯಾಲಯದ ಹಿಂದಿನ ತಗಡಿನ ಶೆಡ್ಡಿನಲ್ಲಿ, ಮರದ ಅಸ್ಥಿಪಂಜರ, ಅದರ ಮೇಲೆ ಬಿಗಿದ ಬಟ್ಟೆ, ಬಟ್ಟೆಗೆ ಬಣ್ಣ. ಇಬ್ಬರು ಕೂರಬಹುದಾದ ಚಿಕ್ಕ ವಿಮಾನ. ಊರಿಗೆ ಊರೇ ಬಂದು ಇಣುಕಿ ನೋಡಿತು. ದಸರೆಗೆ ಬಂದ ನೆಂಟರನ್ನು ಜನ ಅರಮನೆಗೆ ಕರೆದುಕೊಂಡು ಹೋಗಿ, ಅಲ್ಲಿಂದ ನೇರವಾಗಿ ನಮ್ಮ ಶೆಡ್ಡಿಗೆ ಕರೆತರುತ್ತಿದ್ದರು. ಶೆಡ್ಡಿಗೆ ಹೋಗುವ ದಾರಿ ನಿಸ್ತಂತು ವಿಭಾಗದ ಬಾಗಿಲ ಮುಂದೆಯೇ ಹಾದುಹೋಗುತ್ತಿತ್ತು. “ವಿಮಾನ ಎಲ್ಲಿ ಸಾರ್?” ಎಂದು ದಿನಕ್ಕೆ ಹತ್ತಾರು ಮಂದಿ ನಂಜುಂಡಸ್ವಾಮಿಯವರನ್ನೇ ಕೇಳುತ್ತಿದ್ದರು. ಅವರು ಕೈ ತೋರಿಸುತ್ತಿದ್ದರು. ಆ ಕೈ ತೋರಿಸಿ ತೋರಿಸಿ ಅವರ ಹೊಟ್ಟೆಯಲ್ಲಿ ಎಂಥ ಬೆಂಕಿ ಎದ್ದಿತೆಂದು ಎದುರು ಕೂತವನಿಗೆ ಗೊತ್ತು.

ಐವತ್ತೆಂಟರ ಮಳೆಗಾಲದಲ್ಲಿ, ವಿಮಾನವನ್ನು ಪರೀಕ್ಷಿಸಲು ಬಂದ ಅಧಿಕಾರಿಗಳು, ಹಾರುವುದಾದರೆ ನೆಲದವರೊಡನೆ ಮಾತನಾಡಲು ಒಂದು ನಿಸ್ತಂತು ಯಂತ್ರ ಇರಲಿ ಎಂದು ಸೂಚಿಸಿ ಹೋದರು. ಅಂದು ಸಂಜೆಯೇ ಗೋವಿಂದರಾಜು ಅವರು ಅಗ್ರಹಾರದ ಮನೆಗೆ ಬಂದರು. ಆಜ್ಞೆಯಾಗಿ ಪ್ರಾಂಶುಪಾಲರಿಂದ ಕಳಿಸಬಹುದಿತ್ತು. ತಾವೇ ಬಂದು, ಜಗಲಿಯಲ್ಲಿ ನಿಂತು, ಕೈ ಕಟ್ಟಿಕೊಂಡು ಕೇಳಿದರು.

“ಮೇಷ್ಟ್ರೇ, ಯಂತ್ರ ಸಿಕ್ಕಿದೆ. ಯುದ್ಧದ ಕಾಲದ ಹಳೇ ಸೆಟ್ಟು. ಆದ್ರೆ ಏರಿಯಲ್ ಎಲ್ಲಿ ಕೂರಿಸ್ಬೇಕು ಅನ್ನೋದು ನಂಗೆ ಗೊತ್ತಿಲ್ಲ. ನೀವು ಎಲ್ಲಿ ಅಂದ್ರೆ ಅಲ್ಲಿ.”

ಬೇಡುವವನು ಇಷ್ಟು ಸೊಗಸಾಗಿ ಬೇಡಿದರೆ ಕೊಡುವವನಿಗೆ ಕೊಡುವ ಸುಖವೂ ಉಳಿಯುವುದಿಲ್ಲ. ನಂಜುಂಡಸ್ವಾಮಿಯವರು ಗಂಭೀರವಾಗಿ “ನೋಡ್ಬೇಕು” ಎಂದರು. ಒಳಗೆ ಹೋದ ಮೇಲೆ ನಡುಮನೆಯಲ್ಲಿ ಬಹಳ ಹೊತ್ತು ಅತ್ತಿಂದಿತ್ತ ತಿರುಗಿದರು.

ವಿಮಾನದ ಮೇಲೆ ಏರಿಯಲ್ಲಿಗೆ ಜಾಗ ಹುಡುಕುವುದು ಹೊರಗಿನವರು ತಿಳಿದಷ್ಟು ಹಗುರದ ಕೆಲಸವಲ್ಲ. ಮೂಗಿನ ಹತ್ತಿರ ಇಟ್ಟರೆ ಎಂಜಿನ್ನಿನ ಕಿಡಿಯ ಗರಗರ ಸದ್ದು ಮಾತನ್ನೆಲ್ಲ ನುಂಗುತ್ತದೆ. ಬಾಲದ ತುದಿಗೆ ಇಟ್ಟರೆ ತಂತಿ ಉದ್ದವಾಗಿ, ಹೋಗುವಷ್ಟರಲ್ಲಿ ಶಕ್ತಿ ಸೋರುತ್ತದೆ. ರೆಕ್ಕೆಗಳ ಮೇಲೆ ಇಟ್ಟರೆ, ವಿಮಾನವನ್ನು ಸಾಗಿಸುವಾಗಲೆಲ್ಲ ಅವನ್ನು ಬಿಚ್ಚಬೇಕು. ಉಳಿಯುವುದು ಎರಡೇ ಜಾಗ, ಬೆನ್ನು ಮತ್ತು ಹೊಟ್ಟೆ. ಮರ ಬಟ್ಟೆಗಳ ವಿಮಾನವಾದ್ದರಿಂದ ಏರಿಯಲ್ಲಿನ ಬುಡಕ್ಕೆ ಒಂದು ಅಗಲವಾದ ಲೋಹದ ತಗಡನ್ನೂ ಹಾಸಬೇಕು. ಬೆನ್ನಿನ ಮೇಲೆ ಇಟ್ಟರೆ ಆ ತಗಡು ಏರಿಯಲ್ಲಿಗೂ ನೆಲಕ್ಕೂ ನಡುವೆ ಅಡ್ಡ ಬರುತ್ತದೆ. ಅದರ ಕೆಳಗೆ ಪೆಟ್ರೋಲಿನ ಟ್ಯಾಂಕು ಬೇರೆ. ಹೊಟ್ಟೆಯ ಕೆಳಗೆ ಇಟ್ಟರೆ ತಗಡು ಮೇಲಾಗಿ, ಏರಿಯಲ್ಲು ಕೆಳಗಿನ ನೆಲವನ್ನೇ ನೋಡುತ್ತಿರುತ್ತದೆ. ಆದರೆ ಅಲ್ಲಿ ಕೆಸರು, ಹುಲ್ಲು, ಚಕ್ರದ ಕಾಲುಗಳ ಗಲಾಟೆ. ಇವನ್ನೆಲ್ಲ ನಂಜುಂಡಸ್ವಾಮಿಯವರು ಶೆಡ್ಡಿನಲ್ಲಿ ನಿಂತು ಪಾಠದಂತೆ ಹೇಳಿ, ಕೊನೆಗೆ ಕೋಲಿನಿಂದ ವಿಮಾನದ ಬೆನ್ನನ್ನು ಮುಟ್ಟಿ “ಇಲ್ಲಿ” ಎಂದರು.

ಕೊಟ್ಟ ಕಾರಣಗಳೆಲ್ಲ ಸರಿಯಾಗಿಯೇ ಇದ್ದವು. ಚಕ್ರಕ್ಕೆ ದೂರ, ಕೆಸರಿಗೆ ದೂರ, ನಿಂತಲ್ಲಿ ಮುರಿಯುವ ಭಯವಿಲ್ಲ. ಹೇಳದೆ ಉಳಿಸಿಕೊಂಡ ಕಾರಣ ಒಂದೇ. ಹಾರುವ ದಿನ ಪತ್ರಿಕೆಯವರು ಬರುತ್ತಾರೆ, ಫೋಟೋ ತೆಗೆಯುತ್ತಾರೆ, ಆ ಫೋಟೋ ವಿದ್ಯಾಲಯದ ಹಜಾರದಲ್ಲಿ ಎಂದೆಂದಿಗೂ ತೂಗಾಡುತ್ತದೆ. ಬೆನ್ನಿನ ಮೇಲೆ ನೆಟ್ಟಗೆ ನಿಂತ ಏರಿಯಲ್ಲು ಅದರಲ್ಲಿ ಕಾಣುತ್ತದೆ. ಹೊಟ್ಟೆಯ ಕೆಳಗಿನದು ರೆಕ್ಕೆಯ ನೆರಳಿನಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಮನುಷ್ಯನ ವಿಮಾನದ ನೆತ್ತಿಯ ಮೇಲೆ ತಮ್ಮದೊಂದು ಕಡ್ಡಿಯಾದರೂ ನಿಂತಿರಬೇಕೆಂಬ ಆಸೆ ಅವರನ್ನು ಹಿಡಿದು ಅಲುಗಾಡಿಸುತ್ತಿತ್ತು.

ಈ ಕಾರಣವನ್ನು ಕಂಡುಹಿಡಿದವರು ಶಿವನಂಜಮ್ಮನವರೊಬ್ಬರೇ. ಮಧ್ಯಾಹ್ನದ ಊಟದ ಡಬ್ಬಿ ತಂದವರು ಶೆಡ್ಡಿನಲ್ಲಿ ಒಂದು ಸುತ್ತು ಬಂದು, ಏರಿಯಲ್ಲನ್ನು ಕೆಳಗಿನಿಂದ ಮೇಲೆ ನೋಡಿ, ಗಂಡನ ಕಿವಿಯ ಹತ್ತಿರ ಹೇಳಿದರು:

“ಫೋಟೋದಾಗೆ ಕಾಣ್ಲಿ ಅಂತ ತಾನೇ?”

“ನಿಂಗೇನ್ ಗೊತ್ತು, ಸುಮ್ನಿರು.”

“ನಂಗೆ ವಿಮಾನ ಗೊತ್ತಿಲ್ಲ ಬುಡಿ. ನೀವು ಗೊತ್ತು.”

ನವರಾತ್ರಿ ಕಳೆದ ಮೇಲೆ ಪರೀಕ್ಷೆ ನಡೆಯಿತು. ವಿಮಾನ ಇನ್ನೂ ಹಾರಿಲ್ಲ, ಆದರೆ ಮೇಲಿನಿಂದ ಮಾತನಾಡಿದರೆ ಕೆಳಗೆ ಕೇಳಿಸುವುದೇ ಎಂದು ಹಾರುವ ಮೊದಲೇ ತಿಳಿಯಬೇಕು. ನಂಜುಂಡಸ್ವಾಮಿಯವರು ಯೋಚಿಸಿದ ಉಪಾಯವನ್ನು ಕೇಳಿ ಗೋವಿಂದರಾಜು ಅವರೂ ತಲೆದೂಗಿದರು. ರೆಕ್ಕೆ ಬಿಚ್ಚಿ, ವಿಮಾನದ ಮೈಯನ್ನು ಲಾರಿಗೆ ಏರಿಸಿ, ಚಾಮುಂಡಿ ಬೆಟ್ಟದ ಮೇಲೆ ಊರು ಕಾಣುವ ಒಂದು ಬಯಲಿಗೆ ಒಯ್ಯುವುದು. ಅಲ್ಲಿ ಇಳಿಸಿ, ಎಂಟು ದಿಕ್ಕಿಗೂ ಮೂಗು ತಿರುಗಿಸುತ್ತ ಗೋವಿಂದರಾಜು ಅವರು ಒಳಗೆ ಕೂತು ಮಾತನಾಡುವುದು. ಕೆಳಗೆ ವಿದ್ಯಾಲಯದ ಮೈದಾನದಲ್ಲಿ ಇನ್ನೊಂದು ಯಂತ್ರವಿಟ್ಟುಕೊಂಡು ನಂಜುಂಡಸ್ವಾಮಿಯವರು ಕೇಳುವುದು. ಬೆಟ್ಟವೇ ಆಕಾಶ, ಊರೇ ನೆಲ.

ಪೂರ್ವ, ಆಗ್ನೇಯ, ದಕ್ಷಿಣ. ಪ್ರತಿ ದಿಕ್ಕಿಗೂ ಗೋವಿಂದರಾಜು ಅವರ ಧ್ವನಿ ಬರುತ್ತಿತ್ತು, ಆದರೆ ಗಂಟಲು ಕಟ್ಟಿದವರ ಧ್ವನಿಯಂತೆ. ಪಶ್ಚಿಮಕ್ಕೆ ತಿರುಗಿದಾಗ ನಿಂತೇ ಹೋಯಿತು. ನಂಜುಂಡಸ್ವಾಮಿಯವರ ಮುಖ ಬಿಳಿಚಿತು. ತಗಡು ಅಡ್ಡ ಬಂದಿದೆ, ಟ್ಯಾಂಕು ಅಡ್ಡ ಬಂದಿದೆ ಎಂಬುದು ಅವರ ವಿದ್ಯಾರ್ಥಿಗೂ ಹೊಳೆಯುವ ಮಾತು.

ಆದರೆ ಸಂಜೆ ಲಾರಿ ಇಳಿದು ಬಂದಾಗ ಅವರಿಗೆ ಒಂದು ದಾರಿ ಸಿಕ್ಕಿತು. ಮೈಸೂರಿನಲ್ಲಿ ಹೊಸ ಗಾಡಿ ಕೊಂಡವರು ಬೆಟ್ಟಕ್ಕೆ ಒಯ್ದು ಪೂಜೆ ಮಾಡಿಸದೆ ಮನೆಗೆ ತರುವುದಿಲ್ಲ. ಬೆಳಿಗ್ಗೆ ಬೆಟ್ಟದ ಮೇಲೆ ಇಳಿಸುತ್ತಿದ್ದಂತೆಯೇ ವಿಮಾನವನ್ನು ಕಂಡ ಭಕ್ತರು ಅದೂ ಪೂಜೆಗೇ ಬಂದಿದೆಯೆಂದು ತಿಳಿದರು. ಯಾರೋ ಅರ್ಚಕರನ್ನು ಕರೆತಂದರು; ಬೇಡವೆನ್ನಲು ಯಾರಿಗೂ ಬಾಯಿ ಬರಲಿಲ್ಲ. ಮೂಗಿಗೆ ಕುಂಕುಮ, ಮೈಗೆ ವಿಭೂತಿ, ಚಕ್ರದಡಿಗೆ ನಿಂಬೆಹಣ್ಣು. ಹಾರ ಹಾಕಲು ಮಾತ್ರ ವಿಮಾನಕ್ಕೆ ಕತ್ತಿಲ್ಲ. ಬೆನ್ನಿನ ಮೇಲೆ ಒಂದು ಕಡ್ಡಿ ನಿಂತಿತ್ತಲ್ಲ! ನೀರು ಚಿಮುಕಿಸಿದ ಚೆಂಡುಹೂವಿನ ಹಾರಗಳನ್ನೆಲ್ಲ ಒಂದರ ಮೇಲೊಂದು ಅದಕ್ಕೇ ಏರಿಸಿದ್ದರು. ಏರಿಯಲ್ಲಿನ ತುದಿಯೂ ಕಾಣದಂತೆ ಒಂದು ಹೂವಿನ ಕಂಬ ಲಾರಿಯ ಮೇಲೆ ತೂಗಾಡುತ್ತ ಬಂತು.

“ಒದ್ದೆ ಹೂವು!” ಎಂದರು ನಂಜುಂಡಸ್ವಾಮಿಯವರು, ಮುಳುಗುತ್ತಿದ್ದವರಿಗೆ ದಡ ಸಿಕ್ಕಂತೆ. “ನೋಡಿ, ಒದ್ದೆ ಹೂವು ಸುತ್ತಿದ್ರೆ ಯಾವ ಏರಿಯಲ್ಲೂ ಕೆಲ್ಸ ಮಾಡಲ್ಲ. ಜಾಗದ ದೋಷ ಅಲ್ಲ ಇದು.”

“ನೀವು ಹೇಳಿದ್ಮೇಲೆ ಮುಗೀತು ಮೇಷ್ಟ್ರೇ” ಎಂದರು ಗೋವಿಂದರಾಜು ಅವರು. “ಈ ಏರಿಯಲ್ ನಂಬಿ ಹಾರೋನು ನಾನು. ನಾನೇ ಒಪ್ಪಿದ್ಮೇಲೆ ಇನ್ಯಾರ ಮಾತೇನು.” ಹಾರಗಳನ್ನು ತಾವೇ ಬಿಡಿಸಿ ಎಲ್ಲರಿಗೂ ಒಂದೊಂದು ಹೂ ಹಂಚಿದರು.

ಆ ರೀತಿ ನಂಬದೆ, ಒಂದು ಅನುಮಾನದ ಮಾತು ಆಡಿದ್ದರೆ, ಒಂದು ಕೊಂಕು ನುಡಿದಿದ್ದರೆ ನಂಜುಂಡಸ್ವಾಮಿಯವರು ಜಗಳಕ್ಕೆ ನಿಂತು, ಬೆನ್ನೇ ಸರಿ ಎಂದು ಸಾಧಿಸಿ, ಸುಖವಾಗಿ ನಿದ್ದೆ ಮಾಡುತ್ತಿದ್ದರು. ನಂಬಿದ್ದರಿಂದ ನಿದ್ದೆ ಹೋಯಿತು. ಇಷ್ಟು ಸುಲಭವಾಗಿ ಇನ್ನೊಬ್ಬರನ್ನು ನಂಬುವ ಗುಣ ತಮಗೇಕೆ ಬರಲಿಲ್ಲವೆಂದು ಅದಕ್ಕೂ ಹೊಟ್ಟೆ ಉರಿಯಿತು. ದಿನಗಳೆದಂತೆ ಅವರ ಊಟ ಕಡಿಮೆಯಾಯಿತು. ಒಂದು ಬೆಳಿಗ್ಗೆ ಶಿವನಂಜಮ್ಮನವರು ಕಾಫಿ ಮುಂದಿಟ್ಟು ಅಂದರು:

“ಹೂವು ಈಗ ಒಣಗಿರ್ತದೆ. ಇನ್ನೊಂದ್ಸಲ ನೋಡ್ಬುಡಿ.”

ಅವರು ಕಾಫಿಯನ್ನು ಅಲ್ಲೇ ಬಿಟ್ಟು ಎದ್ದು ಹೋಗಿ ಲಾರಿ ಗೊತ್ತುಮಾಡಿಕೊಂಡು ಬಂದರು.

ಎರಡನೆಯ ಸಲ ಬೆಟ್ಟಕ್ಕೆ ಹೋದಾಗ ಕಾವಲಿಗೆ ಜನ ನಿಲ್ಲಿಸಿ, ಹೂವಿನವರನ್ನು ಹತ್ತಿರ ಬಿಡದೆ, ಎಂಟು ದಿಕ್ಕಿಗೂ ತಿರುಗಿಸಿದರು. ಧ್ವನಿ ಪಶ್ಚಿಮಕ್ಕೆ ಮತ್ತೆ ಸತ್ತುಹೋಯಿತು. ಮೈದಾನದಲ್ಲಿ ನಂಜುಂಡಸ್ವಾಮಿಯವರು ಹೆಡ್‌ಫೋನು ಕಳಚಿಟ್ಟರು. ಲಾರಿ ಹಿಂದಿರುಗಿದೊಡನೆ ಅಂಗಿಯ ತೋಳು ಮಡಿಸಿ, ಏಣಿ ಹತ್ತಿ, ಬೆನ್ನಿನ ಏರಿಯಲ್ಲನ್ನು ತಾವೇ ಬಿಚ್ಚಿದರು. ಸಹಾಯಕ್ಕೆ ಬಂದವರನ್ನು ಗದರಿಸಿ ಕಳಿಸಿದರು. ಗೋಣಿತಾಟಿನ ಮೇಲೆ ಅಂಗಾತ ಮಲಗಿ, ವಿಮಾನದ ಹೊಟ್ಟೆಯಡಿಗೆ ತೂರಿ, ಚಕ್ರದ ಕಾಲುಗಳಿಗೂ ಬಾಲಕ್ಕೂ ನಡುವೆ ಅಳೆದು ಗುರುತು ಮಾಡಿ, ನೆಲಕ್ಕೆ ತಾಗದಂತೆ ಹಿಂದಕ್ಕೆ ಬಾಗಿಸಿ, ಅದನ್ನು ಕೂರಿಸಿದರು. ಗೋವಿಂದರಾಜು ಅವರು ಬಗ್ಗಿ ನೋಡಿ ಯಾಕೆಂದು ಕೇಳಿದಾಗ ಕೆಳಗಿನಿಂದಲೇ ಉತ್ತರ ಬಂತು: “ಇದೇ ಸರಿ ಜಾಗ. ಆವತ್ತು ಹೇಳಿದ್ದು ತಪ್ಪು.” ಹೊರಗೆ ಬಂದಾಗ ಕಣ್ಣು ಕೆಂಪಾಗಿದ್ದವು. ಬಟ್ಟೆಗೆ ಬಳಿದ ಬಣ್ಣದ ವಾಸನೆಗೆ ಹಾಗಾಯಿತೆಂದರು.

ಸಂಕ್ರಾಂತಿ ಕಳೆದು, ಆಕಾಶ ತೊಳೆದಿಟ್ಟಂತಿದ್ದ ಒಂದು ಬೆಳಿಗ್ಗೆ, ಮಂಡಕಳ್ಳಿಯ ವಿಮಾನದ ಬಯಲಿನಲ್ಲಿ ಊರೆಲ್ಲ ಸೇರಿತ್ತು. ಪತ್ರಿಕೆಯವರು ಫೋಟೋ ತೆಗೆದರು. ಆ ಫೋಟೋ ಇಂದಿಗೂ ಹಜಾರದಲ್ಲಿದೆ. ಅದರಲ್ಲಿ ವಿಮಾನವಿದೆ, ಗೋವಿಂದರಾಜು ಅವರ ನಗುವಿದೆ, ಏರಿಯಲ್ಲಿಲ್ಲ. ನಂಜುಂಡಸ್ವಾಮಿಯವರನ್ನೂ ಕರೆದರು. ಯಂತ್ರ ನೋಡಿಕೊಳ್ಳಬೇಕೆಂದು ಹೇಳಿ ಅವರು ಬರಲಿಲ್ಲ. ಬಯಲಿನ ಅಂಚಿನಲ್ಲಿ ಮೇಜು ಹಾಕಿ ನೆಲದ ಯಂತ್ರವನ್ನಿಟ್ಟಿದ್ದರು. ಒಂದು ಹೆಡ್‌ಫೋನು ಅವರ ಕಿವಿಯಲ್ಲಿ, ಇನ್ನೊಂದು ಈ ಲೇಖಕನ ಕಿವಿಯಲ್ಲಿ. ಶಿವನಂಜಮ್ಮನವರು ಹೆಡ್‌ಫೋನಿನ ಸದ್ದು ಕೇಳುವಷ್ಟು ಹತ್ತಿರ ಕೊಡೆ ಹಿಡಿದು ನಿಂತಿದ್ದರು.

ವಿಮಾನ ಎದ್ದಿತು. ಜನ ಕೂಗಿದ ಕೂಗಿಗೆ ಮರದ ಹಕ್ಕಿಗಳೆಲ್ಲ ಎದ್ದವು. ಒಂದು ಸುತ್ತು ಬಂತು, ಚಪ್ಪಾಳೆ. ಇನ್ನೊಂದು ಸುತ್ತು, ಮತ್ತೂ ದೊಡ್ಡ ಚಪ್ಪಾಳೆ. ಒಂದೇ ಸುತ್ತು ಬಂದು ಇಳಿಯುವುದೆಂದು ಮಾತಾಗಿತ್ತು. ಆಗ ಕಿವಿಗೆ ಬಂದ ಧ್ವನಿ ಗೋವಿಂದರಾಜು ಅವರದೆಂದು ನಂಬುವುದು ಕಷ್ಟವಾಯಿತು.

“ಮೇಷ್ಟ್ರೇ, ಮುಂದಿನ ಗಾಜಿಗೆಲ್ಲ ಎಣ್ಣೆ ರಾಚ್ಬುಟ್ಟಿದೆ. ಮುಂದೆ ಏನೂ ಕಾಣಿಸ್ತಿಲ್ಲ. ಪಕ್ಕದಿಂದ ಮಾತ್ರ.”

“ಎಂಜಿನ್ ಹೆಂಗಿದೆ?”

“ಓಡ್ತಿದೆ. ನನ್ ಕೈ ಓಡ್ತಿಲ್ಲ. ಭಯ ಆಗ್ತಿದೆ ಮೇಷ್ಟ್ರೇ.” ಎಂಜಿನ್ನಿನ ಸದ್ದನ್ನು ಮೀರಿ ಕೂಗಿದರು. “ಮಾತಾಡ್ತಾ ಇರಿ. ಏನಾದ್ರೂ ಮಾತಾಡಿ. ನಿಲ್ಲಿಸ್ಬೇಡಿ.”

ವಿಮಾನ ನಮ್ಮ ನೆತ್ತಿಯ ಮೇಲೆಯೇ ಸುತ್ತುತ್ತಿತ್ತು. ಬೆನ್ನಿನ ಮೇಲಿನ ಏರಿಯಲ್ಲಾಗಿದ್ದರೆ ಈ ಮಾತುಗಳಲ್ಲಿ ಅರ್ಧವೂ ಕೆಳಕ್ಕೆ ಬರುತ್ತಿರಲಿಲ್ಲ. ಜನ ಮೂರನೆಯ ಸುತ್ತಿಗೂ ಚಪ್ಪಾಳೆ ತಟ್ಟಿದರು. ಆ ಸಾವಿರಾರು ಮಂದಿಯಲ್ಲಿ ಮೇಲಿನವನಿಗೆ ಭಯವಾಗಿದೆಯೆಂದು ತಿಳಿದವರು ಮೇಜಿನ ಬಳಿಯ ಮೂವರೇ. ಮಾತನಾಡಬೇಕಾದವರೋ, ಆ ಮನುಷ್ಯನೊಡನೆ ಇಷ್ಟು ವರ್ಷಗಳಲ್ಲಿ ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚಿಗೆ ಆಡದವರು. ನಂಜುಂಡಸ್ವಾಮಿಯವರಿಗೆ ಧೈರ್ಯದ ಮಾತು ಯಾವುದೂ ಬರಲಿಲ್ಲ. ಅವರ ಎದೆಯಲ್ಲಿ ಆ ಮನುಷ್ಯನ ಪಾಲಿಗೆ ಇದ್ದದ್ದು ಒಂದೇ ಸರಕು. ಅದನ್ನೇ ತೆಗೆದರು.

“ಗೋವಿಂದರಾಜು ಅವರೇ, ನಿಮ್ಮನ್ನ ಕಂಡ್ರೆ ನಂಗಾಗಲ್ಲ ಕಣ್ರೀ.”

ಮೈಕನ್ನು ಬಾಯಿಗೆ ಇನ್ನೂ ಹತ್ತಿರ ಹಿಡಿದು ಮುಂದುವರಿಸಿದರು.

“ನಿಮ್ಮ ಮೋಟಾರ್ ಬೈಕ್ ಸದ್ದು ಕೇಳಿದ್ರೆ ಹೊಟ್ಟೆ ಉರೀತದೆ. ಬೋರ್ಡ್ ಮೇಲೆ ಸೊನ್ನೆ ಬರೀತೀರಲ್ಲ, ಅದನ್ನ ನಾನು ಬಾಗ್ಲಾಕ್ಕೊಂಡು ಬರ್ದು ಬರ್ದು ಸಾಕಾಗಿದೀನಿ. ನಮ್ಮನೇಲಿ ಬಸ್ಸಾರು ಉಂಡೋದ್ರಲ್ಲ, ಆವತ್ತಿಂದ ನಮ್ಮೋಳು ನನ್ನ ಮನುಷ್ಯ ಅಂತ್ಲೇ ಲೆಕ್ಕಕ್ಕಿಟ್ಟಿಲ್ಲ. ಸಂಜೆ ಪಾಠ ಮಾಡ್ತೀನಲ್ಲ, ಪುಣ್ಯಕ್ಕಲ್ಲ, ನಿಮ್ಮ ಮೇಲಿನ ಕಿಚ್ಚಿಗೆ. ಕೇಳ್ಸ್ತಿದೆಯಾ?”

“ಕೇಳ್ಸ್ತಿದೆ.” ಧ್ವನಿ ಬೇರೆಯಾಗಿತ್ತು. “ಹೇಳಿ ಮೇಷ್ಟ್ರೇ.”

“ಏರಿಯಲ್ಲು ಮೊದ್ಲು ಬೆನ್ನ ಮೇಲಿಟ್ಟಿದ್ದು ಯಾಕ್ ಗೊತ್ತಾ? ಫೋಟೋದಾಗೆ ಕಾಣ್ಲಿ ಅಂತ. ನೀವು ಸತ್ರೂ ಸರಿ, ಕಾಣ್ಲಿ ಅಂತ. ಅಷ್ಟು ಕೆಟ್ಟೋನು ನಾನು. ನೀವು ನಂಬ್ಬುಟ್ರಿ. ಆ ನಂಬಿದ್ದಕ್ಕೂ ಹೊಟ್ಟೆ ಉರೀತು.”

ಗರಗರ ಸದ್ದಿನ ನಡುವೆ ಒಂದು ನಗು ಕೇಳಿಸಿತು. ಮೊದಲು ಸಣ್ಣದು, ಆಮೇಲೆ ತಡೆಯಲಾರದ್ದು. ಶಿವನಂಜಮ್ಮನವರು ಕೊಡೆಯನ್ನು ಕೆಳಗಿಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡರು.

“ಮುಗೀತಾ ಮೇಷ್ಟ್ರೇ?”

“ಎಲ್ಲಿ ಮುಗೀತದೆ? ಇನ್ನೂ ಬೇಕಾದಷ್ಟಿದೆ. ಇಳೀರಿ, ಮುಖ ನೋಡ್ಕೊಂಡೇ ಹೇಳ್ತೀನಿ. ಈಗ ಎಡ ರೆಕ್ಕೆ ಒಂಚೂರು ಇಳಿಸಿ. ಹಾಂ. ನೆಟ್ಟಗಿದೆ. ಇನ್ನೂ ಇಳೀರಿ. ಬಲಕ್ಕೆ ಬೇಡ, ಬಲಕ್ಕೆ ಜನ ಇದಾರೆ. ಬನ್ನಿ. ಬನ್ನಿ. ನಾನಿದೀನಿ, ಬನ್ನಿ.”

ಚಕ್ರ ನೆಲಕ್ಕೆ ಮುಟ್ಟಿತು; ಒಮ್ಮೆ ಪುಟಿದು, ಮತ್ತೆ ಮುಟ್ಟಿ, ನಿಂತಿತು. ಜನ ಓಡಿಹೋಗಿ ಗೋವಿಂದರಾಜು ಅವರನ್ನು ಹೆಗಲ ಮೇಲೆ ಹೊತ್ತರು. ನಂಜುಂಡಸ್ವಾಮಿಯವರು ಮೇಜಿನ ಮುಂದೆಯೇ ಕೂತು ಯಂತ್ರದ ತಂತಿ ಸುತ್ತತೊಡಗಿದರು. ಹೆಗಲ ಮೇಲೆ ಕೂತವರನ್ನು ಪತ್ರಿಕೆಯವರೊಬ್ಬರು, ಅಷ್ಟು ಹೊತ್ತು ನಿಸ್ತಂತುವಿನಲ್ಲಿ ಏನು ಮಾತನಾಡಿದಿರಿ ಎಂದು ಕೇಳಿದರು. ಗೋವಿಂದರಾಜು ಅವರು ಮೇಜಿನ ಕಡೆ ಒಮ್ಮೆ ನೋಡಿ, “ಗಾಳಿಯ ವಿಚಾರ. ನಮ್ಮ ಮೇಷ್ಟ್ರು ಗಾಳಿಯ ದಿಕ್ಕು ಹೇಳ್ತಾ ಇದ್ರು” ಎಂದರು. ಅಂದು ಹೇಳಿದ್ದನ್ನೇ ಇಂದಿನವರೆಗೂ ಹೇಳಿಕೊಂಡು ಬಂದಿದ್ದಾರೆ. ತಾವು ಹೆದರಿದ್ದನ್ನು ಬೇಕಾದರೆ ಹತ್ತು ಜನರ ಮುಂದೆ ಹೇಳುತ್ತಾರೆ. ತಮ್ಮನ್ನು ಇಳಿಸಿದ ಮಾತುಗಳನ್ನು ಒಬ್ಬರ ಮುಂದೆಯೂ ಬಾಯಿ ಬಿಟ್ಟಿಲ್ಲ.

ಅನಂತರ ಇಬ್ಬರೂ ಸ್ನೇಹಿತರಾದರೆಂದು ಬರೆದರೆ ಸುಳ್ಳಾಗುತ್ತದೆ. ಕಿಚ್ಚು ಹಾಗೆಯೇ ಉರಿಯಿತು. ಉಪಕಾರಗಳೂ ಹಾಗೆಯೇ ನಡೆದವು. ಅರವತ್ತೆರಡರಲ್ಲಿ ಗೋವಿಂದರಾಜು ಅವರು ಪ್ರಾಂಶುಪಾಲರಾದಾಗ ನಂಜುಂಡಸ್ವಾಮಿಯವರು ಎಲ್ಲರಿಗಿಂತ ದೊಡ್ಡ ಹಾರ ತಂದು ಹಾಕಿ, ಮನೆಗೆ ಹೋಗಿ ಜ್ವರ ಬಂದವರಂತೆ ಮಲಗಿದರು. ಈಗ ಈ ಅಭಿನಂದನ ಸಮಿತಿಯ ಅಧ್ಯಕ್ಷರೂ ಗೋವಿಂದರಾಜು ಅವರೇ. ಲೇಖನದ ಹಸ್ತಪ್ರತಿಯನ್ನು ಓದಿದ ಅಧ್ಯಕ್ಷರು, ಮಂಡಕಳ್ಳಿಯ ಭಾಗವನ್ನು ಪೂರ್ತಿಯಾಗಿ ತೆಗೆದುಹಾಕುವಂತೆ ಕೇಳಿಕೊಂಡರು. “ಹಿರಿಯರು. ಅವರ ಮರ್ಯಾದೆ ಮುಖ್ಯ” ಎಂದರು. ಈ ಲೇಖಕನೂ ಒಪ್ಪಿ ಹೊಡೆದುಹಾಕಿದ್ದಾಯಿತು.

ಆ ಸುದ್ದಿ ಅದು ಹೇಗೋ ಅಗ್ರಹಾರಕ್ಕೆ ಮುಟ್ಟಿತು. ಮಾರನೆಯ ಬೆಳಿಗ್ಗೆ ನಂಜುಂಡಸ್ವಾಮಿಯವರು ಈ ಲೇಖಕನ ಮನೆಯ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬನ್ನಿ ಎಂದರೂ ಬರಲಿಲ್ಲ.

“ಹೊಡೆದಾಕಿದ್ದನ್ನೆಲ್ಲ ಮತ್ತೆ ಬರೀರಿ. ಒಂದಕ್ಷರ ಬಿಡಬೇಡಿ. ಇಷ್ಟು ವರ್ಷ ಆವಪ್ಪ ನನ್ನ ಮರ್ಯಾದೆ ಹೊಟ್ಟೇಲಿಟ್ಕೊಂಡು ಓಡಾಡ್ತಿದಾರೆ. ಅವರು ಹೇಳಲ್ಲ, ಅದಕ್ಕೆ ನಾನೇ ಹೇಳಿಸ್ತೀನಿ. ಇಲ್ದಿದ್ರೆ ಕೊನೇವರ್ಗೂ ಅವರೇ ದೊಡ್ಡೋರಾಗಿ ಉಳ್ಕೊಂಡ್ಬುಡ್ತಾರೆ. ನನ್ ಕೈಲಿ ಅದನ್ನ ನೋಡಕ್ಕಾಗಲ್ಲ.”

ಆದ್ದರಿಂದ ಈ ಲೇಖನ ಪೂರ್ತಿಯಾಗಿ ಅಚ್ಚಾಗಿದೆ.

ನಿವೃತ್ತಿಯ ನಂತರ ಯಂತ್ರಗಳ ಬಗ್ಗೆ ಕನ್ನಡದಲ್ಲಿ ಒಂದು ಗ್ರಂಥ ಬರೆಯುವ ವಿಚಾರವನ್ನು ಗೋವಿಂದರಾಜು ಅವರು ಇತ್ತೀಚೆಗೆ ಸ್ಟಾಫ್ ರೂಮಿನಲ್ಲಿ ಪ್ರಸ್ತಾಪಿಸಿದರು. ಅಂದಿನಿಂದ ಅಗ್ರಹಾರದ ಆ ಮನೆಯಲ್ಲಿ ನಿಸ್ತಂತು ವಿದ್ಯೆಯ ಕನ್ನಡ ಗ್ರಂಥವೊಂದು ಭರದಿಂದ ಸಾಗಿದೆಯೆಂದು ಶಿವನಂಜಮ್ಮನವರು ತಿಳಿಸಿದ್ದಾರೆ. ಶ್ರೀ ನಂಜುಂಡಸ್ವಾಮಿಯವರಿಗೆ ತಾಯಿ ಚಾಮುಂಡೇಶ್ವರಿಯು ನೂರು ವರ್ಷದ ಆಯುಸ್ಸನ್ನೂ, ಗಟ್ಟಿಯಾದ ಕಣ್ಣು ಕಿವಿಗಳನ್ನೂ ಕರುಣಿಸಲಿ. ಗೋವಿಂದರಾಜು ಅವರಿಗೂ ಅಷ್ಟೇ ಆಯುಸ್ಸನ್ನು ಕೊಡಲಿ. ಅವರಿಲ್ಲದೆ ಇವರ ಕೆಲಸ ಸಾಗುವುದಿಲ್ಲ. ಆ ಗ್ರಂಥವು ಗೋವಿಂದರಾಜು ಅವರದ್ದಕ್ಕಿಂತ ಒಂದು ದಿನವಾದರೂ ಮೊದಲು ಹೊರಬರಲಿ.